ಕುಳ್ಳನಿಗೆ ಬಂದ ಕಾಲ

ಕಾಸರಗೋಡಿನ ಕುಂಬಳೆ ಸೀಮೆಯಲ್ಲಿ ಈಗ ಇಬ್ಬರು ಸೇರಿದರೆ ಅಡಿಕೆಯ ಧಾರಣೆಗಿಂತ ಮೊದಲು ಆಡಿನ ಎತ್ತರದ ಮಾತು ಬರುತ್ತದೆ. ಎತ್ತರ ಇಳಿದಷ್ಟೂ ಬೆಲೆ ಏರುವ ಜಗತ್ತಿನ ಏಕೈಕ ಸರಕು ಈ ಪಿಗ್ಮಿ ಆಡು. ಇದರ ಮೂಲ ಪಶ್ಚಿಮ ಆಫ್ರಿಕಾ, ಕ್ಯಾಮರೂನಿನ ಕಡೆ. ಯುರೋಪಿನ ಮೃಗಾಲಯಗಳಲ್ಲಿ ಉಂಡುಟ್ಟು ಆಮೇಲೆ ಅಮೆರಿಕಕ್ಕೆ ದಾಟಿದ ಜಾತಿ. ಕೇರಳದ ದಲ್ಲಾಳಿಗಳು ಮಾತ್ರ 'ಕೆನಡಿಯನ್ ಪಿಗ್ಮಿ' ಎಂದು ಕರೆದು ಅದಕ್ಕೆ ಕೆನಡಾದ ಪೌರತ್ವವನ್ನೇ ದಯಪಾಲಿಸಿದ್ದಾರೆ. ನಮ್ಮ ಹುಡುಗರು ವರ್ಷಗಟ್ಟಲೆ ಅರ್ಜಿ ಹಾಕಿ ಕಾಯುವುದು ಇದಕ್ಕೇ. 2025ರಲ್ಲಿ ಕೇರಳದ್ದೇ ಒಂದು ಹೆಣ್ಣಾಡು ಬರೀ 40.5 ಸೆಂಟಿಮೀಟರ್ ಎತ್ತರಕ್ಕೆ ಗಿನ್ನೆಸ್ ದಾಖಲೆ ಸೇರಿತು. ಅಂದಿನಿಂದ ಆಡಿದ್ದವರೆಲ್ಲರ ಕಿಸೆಯಲ್ಲೂ ದರ್ಜಿಯ ಟೇಪು.

ಬದಿಯಡ್ಕದ ಕಡೆಯ ರೈಗಳೊಬ್ಬರು ನಾಲ್ಕು ಆಡುಗಳನ್ನು ಕಾರಿನ ಶೆಡ್ಡಿನಲ್ಲಿ ಸಾಕಿದ್ದಾರೆ. ಕಾರು ಮಳೆಯಲ್ಲಿ ನಿಂತಿದೆ.

"ಹಾಲು ಎಷ್ಟು ಕೊಡುತ್ತವೆ ರೈಗಳೇ?"

"ಹಾಲಿಗಲ್ಲ ಭಟ್ಟರೇ."

"ಹಾಗಾದರೆ ಮಾಂಸಕ್ಕೋ?"

ಅವರ ಮೊಮ್ಮಗನನ್ನು ಕಿಲೋ ಲೆಕ್ಕದಲ್ಲಿ ಕೇಳಿದಂತೆ ರೈಗಳು ನನ್ನನ್ನು ನೋಡಿದರು. "ಇದು ಸುಮ್ಮನೆ ಇರುವುದಕ್ಕೆ" ಎಂದರು.

ಸುಮ್ಮನೆ ಇರುವುದೊಂದನ್ನು ಬಿಟ್ಟು ಉಳಿದದ್ದೆಲ್ಲವನ್ನೂ ಅವು ಮಾಡುತ್ತಿದ್ದವು. ಬೆದೆಗಾಲದಲ್ಲಿ ತನ್ನ ಗಡ್ಡಕ್ಕೆ ತಾನೇ ಮೂತ್ರ ಹಾರಿಸಿಕೊಂಡು ಸಿಂಗರಿಸಿಕೊಳ್ಳುವುದು ಹೋತದ ಹುಟ್ಟುಗುಣ. ಗಾತ್ರ ಅರ್ಧವಾದರೂ ವಾಸನೆ ಪೂರ್ತಿ ಇದೆ. ಚಾವಡಿಯಲ್ಲಿ ಹಗಲೇ ಊದುಬತ್ತಿ ಉರಿಯುತ್ತಿದ್ದುದು ಭಕ್ತಿಯಿಂದಲ್ಲ. ಅಷ್ಟರಲ್ಲಿ ಬಂದ ಗಿರಾಕಿಯೊಬ್ಬರು ಹೆಣ್ಣಾಡಿನ ಹೆಗಲಿಗೆ ಟೇಪು ಹಿಡಿದರು. ಆಡು ಹಲಸಿನ ಸೊಪ್ಪನ್ನು ಬಿಟ್ಟು ಟೇಪಿನ ತುದಿಗೇ ಬಾಯಿ ಹಾಕಿತು. ಮೊದಲ ಎರಡು ಇಂಚು ಹೊಟ್ಟೆ ಸೇರಿದ ಟೇಪಿನಲ್ಲಿ ಅಳೆದಾಗ ಆಡು ಎರಡು ಇಂಚು ಬೆಳೆದಿತ್ತು, ಬೆಲೆ ಅಲ್ಲೇ ಕುಸಿಯಿತು. ತನ್ನ ಮಾರಾಟವನ್ನು ಇಷ್ಟು ಅಗ್ಗದಲ್ಲಿ ತಪ್ಪಿಸಿಕೊಂಡ ಪ್ರಾಣಿಯನ್ನು ನಾನು ಬೇರೆ ಕಂಡಿಲ್ಲ.

ಇದೇ ಕೇರಳದಲ್ಲಿ ದನಗಳಿಗೆ ಕುಳ್ಳಗಿರುವುದು ಅಪರಾಧವಾಗಿದ್ದ ಕಾಲವೂ ಇತ್ತು. 1961ರ ಜಾನುವಾರು ಅಭಿವೃದ್ಧಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದ ಹೋರಿಗಳ ಬೀಜ ಒಡೆಯುವ ಅಧಿಕಾರ ಇಲಾಖೆಗಿತ್ತು. ಊರಿನ ಗಿಡ್ಡ ಹೋರಿಗೆ ಪರವಾನಗಿ ಕೊಡುವವರು ಯಾರು? ತಳಿ ಸುಧಾರಣೆಗೆಂದು ಸ್ವಿಟ್ಜರ್‌ಲೆಂಡಿನ ರಕ್ತ ಬಂತು, ಜೆರ್ಸಿ ಬಂತು, ಗಿಡ್ಡ ಹೋಯಿತು. ಕೇರಳದ್ದೇ ಕುಳ್ಳ ದನವಾದ ವೆಚ್ಚೂರು ತಳಿಯನ್ನು 1989ರಲ್ಲಿ ಹುಡುಕಿ ಹುಡುಕಿ ಉಳಿಸಬೇಕಾಯಿತು. ನಮ್ಮ ಕಾಸರಗೋಡು ಗಿಡ್ಡಕ್ಕಾಗಿ ಅದೇ ಸರಕಾರ ಮುಂದೆ ಬೇಳದಲ್ಲಿ ಫಾರ್ಮ್ ತೆರೆಯಿತು. ಮೊದಲು ಒಡೆದು ಆಮೇಲೆ ಬಿತ್ತುವ ಈ ಕೃಷಿಪದ್ಧತಿ ಇಲಾಖೆಗಳಿಗೆ ಮಾತ್ರ ಸಾಧ್ಯ.

ಹೊರಡುವಾಗ ರೈಗಳ ಹಿತ್ತಿಲಿನ ಹಟ್ಟಿಯಲ್ಲಿ ಸೊಂಟದೆತ್ತರದ ಕಪ್ಪು ಹಸುವೊಂದು ಕಂಡಿತು. ಸಿಕ್ಕಿದ್ದನ್ನು ಮೇಯುವ, ನಮ್ಮ ಮಳೆಗೆ ಜಗ್ಗದ ಅಪ್ಪಟ ಗಿಡ್ಡ.

"ಇದನ್ನು ಯಾರಿಗಾದರೂ ಕೊಡಬೇಕಿತ್ತು ಭಟ್ಟರೇ" ಎಂದರು ರೈಗಳು. "ಆಡುಗಳಿಗೆ ನೆಲದ ತೇವ ಆಗುವುದಿಲ್ಲ, ಇಲ್ಲಿ ಹಲಗೆಯ ಅಟ್ಟ ಹಾಕಿಸಬೇಕು. ಹಣವೇನೂ ಬೇಡ. ಕೊಂಡುಹೋಗುವವರು ಜೀಪಿನ ಬಾಡಿಗೆ ಕೊಟ್ಟುಕೊಂಡರೆ ಸಾಕು."