ಕಳಿಸುವವರ ರೀತಿ ನೋಡಿ ಹೊರಡಿ

ಹೊರದೇಶದಲ್ಲಿ ಸ್ವಯಂಸೇವಕರಾಗಿ ಕೆಲಸ ಮಾಡಬೇಕು ಅಂತ ಆಸೆಪಟ್ಟು ನನ್ನನ್ನು ವಿಚಾರಿಸುವವರು ಮೊದಲು ಕೇಳುವುದು ದೇಶದ ಬಗ್ಗೆ. ಹವೆ ಹೇಗಿದೆ, ಊಟ ಒಗ್ಗುತ್ತಾ, ಭಯ ಏನೂ ಇಲ್ಲ ತಾನೇ? ಕೇಳಬೇಕಾದ್ದೇ. ಆದರೆ ನಾನೂ ಹೀಗೇ ಹೊರದೇಶಕ್ಕೆ ಸ್ವಯಂಸೇವೆಗೆ ಅಂತ ಬಂದು, ಇಲ್ಲಿನ ಜಿಲ್ಲಾ ಆಸ್ಪತ್ರೆಯೊಂದರ ಔಷಧ ಉಗ್ರಾಣದಲ್ಲಿ ಕೆಲಸ ಮಾಡುತ್ತಾ, ಬೇರೆ ಬೇರೆ ಸಂಸ್ಥೆಗಳಿಂದ ಬಂದವರ ಜೊತೆ ಓಡಾಡಿದ್ದೇನೆ. ಹೋಗುವ ಜಾಗಕ್ಕಿಂತ ಕಳಿಸುವವರ ರೀತಿಯಿಂದಲೇ ಸ್ವಯಂಸೇವಕರ ಬದುಕು ಹಸನಾಗುತ್ತೋ ಹದಗೆಡುತ್ತೋ ಗೊತ್ತಾಗುತ್ತದೆ ಅಂತ ನನಗೆ ಅನಿಸಿದೆ.

ಹೊರದೇಶಗಳಿಗೆ ಸ್ವಯಂಸೇವಕರನ್ನು ಕಳಿಸುವ ಅಮೆರಿಕ ಸರ್ಕಾರದ ಪೀಸ್ ಕೋರ್ ಇದೆ. ಕೆನಡಿ ಅಧ್ಯಕ್ಷರಾದ 1961ರಲ್ಲೇ ಶುರುವಾದದ್ದು. ಅದೇ ವರ್ಷದಿಂದ 1976ರವರೆಗೆ ಅದರ ಸ್ವಯಂಸೇವಕರು ಭಾರತದ ಹಳ್ಳಿಗಳಲ್ಲೂ ಇದ್ದು ಕೋಳಿ ಸಾಕಣೆ, ಬೇಸಾಯ ಅಂತ ದುಡಿದರು. ಅವರ ಅವಧಿ ಸಾಮಾನ್ಯವಾಗಿ 27 ತಿಂಗಳು. ಅದರಲ್ಲಿ ಸುಮಾರು ಮೂರು ತಿಂಗಳು ಬರೀ ತರಬೇತಿಗೇ ಹೋಗುತ್ತದೆ. ಹೆಚ್ಚಿನ ಕಡೆ ಆ ದೇಶದ ಒಂದು ಮನೆಯವರ ಜೊತೆಗೇ ಇದ್ದು ಅವರ ಭಾಷೆ ಕಲಿಯಬೇಕು. ಜಪಾನಿನವರು 1965ರಿಂದ ಯುವಕರನ್ನು ಕಳಿಸುತ್ತಿದ್ದಾರೆ, ಅವರದ್ದೂ ಸಾಮಾನ್ಯವಾಗಿ ಎರಡು ವರ್ಷ. ಅವರು ವಿಮಾನ ಹತ್ತುವ ಮುಂಚೆ ಜಪಾನಿನಲ್ಲೇ ಎಲ್ಲರನ್ನೂ ಒಟ್ಟಿಗೆ ಇರಿಸಿಕೊಂಡು ಭಾಷೆ ಕಲಿಸುತ್ತಾರೆ.

ಕೆಲಸಕ್ಕೆ ಅಂತ ಬಂದು ತಿಂಗಳುಗಟ್ಟಲೆ ಪಾಠಕ್ಕೆ ಕೂರೋದು ದಂಡ ಅನ್ನುವವರಿಗೆ ನಾನು ನಮ್ಮ ಆಸ್ಪತ್ರೆಯ ಔಷಧ ಕೊಡುವ ಕಿಟಕಿ ತೋರಿಸುತ್ತೇನೆ. 'ಮಾತ್ರೆ ಸರಿಯಾಗಿ ತಗೊಂಡ್ರಾ?' ಅಂತ ಕೇಳಿದರೆ ಎಲ್ಲರೂ ಹೂಂ ಅಂತಾರೆ. ಅವರ ಭಾಷೆಯಲ್ಲೇ, ಮನೆಮಂದಿಯ ಯೋಗಕ್ಷೇಮ ಕೇಳಿ, ಅವಸರ ಮಾಡದೆ ಮಾತಾಡಿಸಿದರೆ ನಿಜ ಹೊರಗೆ ಬರುತ್ತದೆ. ಜ್ವರ ಬಿಟ್ಟ ಕೂಡಲೇ ಉಳಿದ ಮಾತ್ರೆ ಎತ್ತಿಟ್ಟಿರುತ್ತಾರೆ, ಮುಂದೆ ಮನೆಯಲ್ಲಿ ಯಾರಿಗಾದರೂ ಬೇಕಾದೀತು ಅಂತ. ಇಷ್ಟು ತಿಳಿಯದೆ ಎಷ್ಟು ಪೆಟ್ಟಿಗೆ ಔಷಧ ತರಿಸಿದರೂ ಕಾಯಿಲೆ ಪೂರ್ತಿ ವಾಸಿಯಾಗಲ್ಲ. ದುಭಾಷಿ ಇದ್ದರೆ ಸಾಲದಾ ಅಂದರೆ, ಸಾಲದು. ಮೂರನೆಯವರ ಎದುರು ಜನ ಬಾಯಿ ಬಿಡಲ್ಲ.

ವಿಶ್ವಸಂಸ್ಥೆಯ ಸ್ವಯಂಸೇವಕರ ರೀತಿ ಬೇರೆ. 1970ರಲ್ಲಿ ಅದರ ಮಹಾಸಭೆ ಈ ಕಾರ್ಯಕ್ರಮಕ್ಕೆ ಒಪ್ಪಿಗೆ ಕೊಟ್ಟಿತು, ಕೇಂದ್ರ ಕಚೇರಿ ಈಗ ಜರ್ಮನಿಯ ಬಾನ್ ನಗರದಲ್ಲಿದೆ. ಅಲ್ಲಿ ಒಂದು ನಿರ್ದಿಷ್ಟ ಹುದ್ದೆಗೆ ಅರ್ಜಿ ಕರೆದು, ಆ ಕೆಲಸ ಬಲ್ಲವರನ್ನು ಆರಿಸುತ್ತಾರೆ. ಸಂಬಳ ಅಂತ ಇಲ್ಲ, ತಿಂಗಳ ಖರ್ಚಿಗೆ ಭತ್ಯೆ, ವಿಮೆ, ರಜೆ ಇದೆ. ಹಣ ತಗೊಂಡರೆ ಅದೆಂಥ ಸೇವೆ ಅಂತ ನಮ್ಮವರೇ ಕೇಳುತ್ತಾರೆ. ನಾನು ಇದನ್ನು ಒಪ್ಪಲ್ಲ. ಭತ್ಯೆ ಇಲ್ಲದಿದ್ದರೆ ಉಳ್ಳವರ ಮನೆಯ ಮಕ್ಕಳಷ್ಟೇ ಸ್ವಯಂಸೇವಕರಾಗಬೇಕು, ಅಲ್ವಾ? ನನ್ನ ತಕರಾರು ಬೇರೆ ಇದೆ. ಹೊರಗಿನಿಂದ ಬಂದವರ ಭತ್ಯೆ ಪಕ್ಕದಲ್ಲಿ ಅದೇ ಕೆಲಸ ಮಾಡುವ ಊರಿನವರ ಸಂಬಳಕ್ಕಿಂತ ಜಾಸ್ತಿ ಇರುವುದನ್ನು ಕಂಡಿದ್ದೇನೆ. ಆಗ ಒಟ್ಟಿಗೆ ಕೂತು ಉಂಡರೂ ನಡುವೆ ಒಂದು ಗೋಡೆ ಇದ್ದೇ ಇರುತ್ತದೆ.

ನಮ್ಮ ಉಗ್ರಾಣದ ಮೂಲೆಯಲ್ಲಿ ಒಂದು ಕಂಪ್ಯೂಟರ್ ಇದೆ. ಹಿಂದೆ ಇದ್ದ ಸ್ವಯಂಸೇವಕರೊಬ್ಬರು ಔಷಧದ ಲೆಕ್ಕವನ್ನೆಲ್ಲ ಅದಕ್ಕೆ ಹಾಕಿದ್ದರಂತೆ. ತುಂಬಾ ಕಷ್ಟಪಟ್ಟು ಮಾಡಿದ ಕೆಲಸ ಅಂತ ಎಲ್ಲರೂ ಹೇಳುತ್ತಾರೆ. ಅವರು ಹೋದ ಮೇಲೆ ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ. ಅವರನ್ನು ಕಳಿಸಿದ ಸಂಸ್ಥೆ ಆ ಜಾಗಕ್ಕೆ ಇನ್ನೊಬ್ಬರನ್ನು ಕಳಿಸಲೂ ಇಲ್ಲ. ಇವತ್ತಿಗೂ ಲೆಕ್ಕ ನಡೆಯುತ್ತಿರುವುದು ಕಪಾಟಿಗೆ ಸಿಕ್ಕಿಸಿದ ರಟ್ಟಿನ ಕಾರ್ಡುಗಳ ಮೇಲೆ: ತಾರೀಕು, ಬಂದದ್ದು, ಕೊಟ್ಟದ್ದು, ಉಳಿದದ್ದು, ಕೊನೆಗೆ ಸಹಿ. ಅದನ್ನು ಬರೆಯುವವರು ಇಲ್ಲಿನವರೇ ಆದ ನನ್ನ ಜೊತೆಗಾರ್ತಿ. ಅವಧಿ ಬೇಗ ಮುಗಿಯುವ ಪೆಟ್ಟಿಗೆಯನ್ನು ಮುಂದಕ್ಕೆ ಎಳೆದಿಟ್ಟು, ಹೊಸದನ್ನು ಹಿಂದಕ್ಕೆ ತಳ್ಳುತ್ತಾರೆ. ಕರೆಂಟ್ ಹೋದರೂ ಅವರ ಲೆಕ್ಕ ನಿಲ್ಲಲ್ಲ. ನಾನು ಬಂದು ಮಾಡಿದ ಕೆಲಸ ಅಂದರೆ, ಯಾವ ಔಷಧ ಯಾವಾಗ ತರಿಸಬೇಕು ಅನ್ನುವ ಲೆಕ್ಕವನ್ನು ಅದೇ ಕಾರ್ಡಿನ ಅಂಚಿನಲ್ಲಿ ಹೇಗೆ ಬರೆಯಬಹುದು ಅಂತ ಅವರ ಜೊತೆ ಕೂತು ನೋಡಿದ್ದು. ಅದು ನಾನು ಹೋದ ಮೇಲೂ ನಡೆಯುತ್ತೆ ಅನ್ನುವ ಧೈರ್ಯ ನನಗಿದೆ, ಯಾಕಂದರೆ ಅದನ್ನು ಬರೆಯುತ್ತಿರುವುದು ಅವರ ಕೈ.

ಬ್ರಿಟನ್ನಿನ ವಿಎಸ್ಒ ಅನ್ನುವ ಸ್ವಯಂಸೇವಾ ಸಂಸ್ಥೆ 1958ರಲ್ಲಿ ಶುರುವಾದಾಗ ಆಗಷ್ಟೇ ಶಾಲೆ ಮುಗಿಸಿದವರನ್ನು ಕಳಿಸುತ್ತಿತ್ತು. ಆಮೇಲೆ ಕಸುಬು ಬಲ್ಲವರನ್ನು ಕಳಿಸುವ ಕಡೆಗೆ ತಿರುಗಿತು. ಅದು ಸರಿಯಾದ ದಾರಿ.

ಇನ್ನು ನಾವೇ ದುಡ್ಡು ಕಟ್ಟಿ ಎರಡು ವಾರಕ್ಕೆ ಹೋಗುವ ರೀತಿ. ಅದರಲ್ಲೂ ಅನಾಥಾಲಯಕ್ಕೆ ಹೋಗಿ ಮಕ್ಕಳ ಜೊತೆ ಇರುವ ಪ್ಯಾಕೇಜು. ಇದಕ್ಕೆ ಮಾತ್ರ ನಾನು ಖಡಾಖಂಡಿತವಾಗಿ ಬೇಡ ಅನ್ನುತ್ತೇನೆ. ನೇಪಾಳ, ಕಾಂಬೋಡಿಯಾಗಳಲ್ಲಿ ಇಂಥ ಮನೆಗಳಲ್ಲಿರುವ ಎಷ್ಟೋ ಮಕ್ಕಳಿಗೆ ಅಪ್ಪನೋ ಅಮ್ಮನೋ ಇದ್ದಾರೆ. ದುಡ್ಡು ಕೊಡುವವರು ಬರುತ್ತಾರೆ ಅಂತಲೇ ಮಕ್ಕಳನ್ನು ತಂದು ತುಂಬಿಸಿದ ಉದಾಹರಣೆಗಳಿವೆ. 2018ರಲ್ಲಿ ಆಧುನಿಕ ಗುಲಾಮಗಿರಿಯ ವಿರುದ್ಧದ ಕಾನೂನು ತರುವಾಗ ಆಸ್ಟ್ರೇಲಿಯಾ ಇದನ್ನೂ ಗಂಭೀರವಾಗಿ ತಗೊಂಡಿತು. ಎರಡು ವಾರ ಎತ್ತಿ ಮುದ್ದಾಡಿ ಹೊರಟುಬಿಡುವವರು ಒಬ್ಬರಾದ ಮೇಲೊಬ್ಬರು ಬಂದರೆ ಆ ಮಗುವಿನ ಗತಿ ಏನು? ಸುಮ್ನೆ ಯೋಚಿಸಿದರೂ ಹೊಟ್ಟೆ ಸಂಕಟವಾಗುತ್ತದೆ.

ಹಾಗಂತ ಹೊರಗಿನವರು ಬರಲೇಬಾರದು ಅಂತ ಹೇಳಲಾರೆ. 1934ರ ಬಿಹಾರ ಭೂಕಂಪದ ನಂತರ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಪಿಯರ್ ಸೆರೆಸೋಲ್ ಒಂದಿಬ್ಬರು ಗೆಳೆಯರ ಜೊತೆ ಬಂದು, ಅಲ್ಲಿನವರ ಜೊತೆಗೇ ಮೈಮುರಿದು ಹಳ್ಳಿ ಕಟ್ಟಿದರು. ಒಂದು ಸಲ ಬಂದು ಕೈತೊಳೆದುಕೊಳ್ಳಲಿಲ್ಲ, ಮತ್ತೆ ಮತ್ತೆ ಬಂದರು.

ಹೊರಡಬೇಕು ಅಂತಿರುವವರು ಕಳಿಸುವವರನ್ನು ಎದುರಿಗೇ ಕೇಳಿ. ಭಾಷೆ ಕಲಿಸುತ್ತೀರಾ, ಎಷ್ಟು ದಿನ? ನನ್ನ ಮೇಲಧಿಕಾರಿ ಆ ಊರಿನವರಾ? ನನ್ನ ಜೊತೆ ಕೂತು ಇದೇ ಕೆಲಸ ಮಾಡುವವರು ಯಾರು, ನಾನು ಬಂದ ಮೇಲೆ ಅವರ ಕೆಲಸ ಹೋಗಲ್ಲ ತಾನೇ? ಕಾಯಿಲೆ ಬಿದ್ದರೆ ವಿಮೆ ಯಾರದ್ದು? ವೀಸಾ ಯಾವುದು ಅಂತಲೂ ಕಾಗದ ತರಿಸಿ ನೋಡಿ. ಕೆಲಸಕ್ಕೆ ಅಂತ ಹೇಳಿ ಪ್ರವಾಸಿ ವೀಸಾದಲ್ಲಿ ಕಳಿಸುವವರಿದ್ದಾರೆ. ಅಂಥವರ ಸಹವಾಸಕ್ಕೆ ಹೋಗಬೇಡಿ.