ಸತ್ಯಾಂಶ: ಕುದಿಸಿದರೆ ಫ್ಲೋರೈಡ್ ಹೋಗುತ್ತಾ?

"ಬೋರ್‌ವೆಲ್ ನೀರು ಹತ್ತು ನಿಮಿಷ ಕುದಿಸಿ, ಫ್ಲೋರೈಡ್, ಆರ್ಸೆನಿಕ್ ಎಲ್ಲ ಹೋಗುತ್ತೆ. ಸರ್ಕಾರದ ಶುದ್ಧ ನೀರಿನ ಘಟಕಕ್ಕೆ ಸುಮ್ನೆ ಯಾಕೆ ಅಲೆಯಬೇಕು?" ಯಾದಗಿರಿ ಕಡೆಯ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡುವ ಈ ಮಾತು ತಪ್ಪು.

ಕುದಿಸಿದರೆ ಸಾಯುವುದು ರೋಗಾಣು. ವಾಂತಿಭೇದಿ ತಡೆಯಲು ಅದು ಬೇಕೇ ಬೇಕು. ಆದರೆ ಫ್ಲೋರೈಡ್, ಆರ್ಸೆನಿಕ್ ಇಲ್ಲಿ ನೆಲದೊಳಗಿನ ಕಲ್ಲಿನಿಂದ ಕರಗಿ ಬಂದವು. ಸಾರು ಬತ್ತಿದರೆ ಉಪ್ಪು ಏರುತ್ತದಲ್ವಾ? ಹಾಗೇ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಇವುಗಳ ಅಂಶ ಜಾಸ್ತಿಯಾಗುತ್ತದೆ. ಬಣ್ಣ, ರುಚಿ ನೋಡಿ ಕಂಡುಹಿಡಿಯಲೂ ಆಗಲ್ಲ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ದಾಟಬಾರದು. ಬೇರೆ ನೀರೇ ಇಲ್ಲದ ಕಡೆ 1.5. ಆರ್ಸೆನಿಕ್ ಮಿತಿ ಬರೀ 0.01. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ನೀರಿನಲ್ಲಿ ಆರ್ಸೆನಿಕ್ ಸಿಕ್ಕಿದ್ದು ಈ ಭಾಗಕ್ಕೆ ಹೊಸ ಸುದ್ದಿಯೇನಲ್ಲ.

ಇವನ್ನು ಬಹುಮಟ್ಟಿಗೆ ತಡೆಯುವುದು ಶುದ್ಧ ನೀರಿನ ಘಟಕದ ಆರ್‌ಒ ಪೊರೆ, ಅಂದರೆ ಕರಗಿದ ಅಂಶಗಳನ್ನೂ ಸೋಸುವ ತೆಳು ಪದರ. ಅದನ್ನು ಸಕಾಲಕ್ಕೆ ಬದಲಿಸದಿದ್ದರೆ ಘಟಕವೂ ಹೆಸರಿಗಷ್ಟೇ. ಹಾಗಾಗಿ ಪಂಚಾಯ್ತಿಯಲ್ಲಿ ಕೊನೆಯ ಸಲ ಯಾವಾಗ ಬದಲಿಸಿದಿರಿ ಅಂತ ಕೇಳುವುದು ತಪ್ಪಲ್ಲ. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ ಯೋಜನೆಯಡಿ ಮನೆಗೆ ನಲ್ಲಿ ಬಂದಿದ್ದರೂ ಅಷ್ಟೇ: ನೀರು ನದಿಯದೋ, ಅದೇ ಹಳೇ ಬೋರಿನದೋ ವಿಚಾರಿಸಿ. ಅನುಮಾನವಿದ್ದರೆ ಜಿಲ್ಲಾ ಪ್ರಯೋಗಾಲಯದಲ್ಲಿ ನೀರು ಪರೀಕ್ಷೆ ಮಾಡಿಸಿ.