ಅರವತ್ತು ಸಾವಿರಕ್ಕೆ ಅರಳು ಮರಳು

ನಮ್ಮ ಅಪಾರ್ಟ್‌ಮೆಂಟಿನ ತಾರಸಿಗೆ ಬೀಗ ಬಿದ್ದು ನಾಲ್ಕು ವರ್ಷವಾಯಿತು. ಬೀಗದ ಕೈ ಸೆಕ್ರೆಟರಿಯವರ ಹತ್ತಿರ ಇದೆ. ಸೆಕ್ರೆಟರಿಯವರು ದುಬೈಯಲ್ಲಿ ಮಗನ ಹತ್ತಿರ ಇದ್ದಾರೆ. ಬಾಲ್ಕನಿಯಲ್ಲಾದರೂ ಬಿಸಿಲು ಕಾಯೋಣ ಅಂದರೆ ಕೈಚಾಚಿದರೆ ಸಿಗುವಷ್ಟು ಹತ್ತಿರ ಇನ್ನೊಂದು ಅಪಾರ್ಟ್‌ಮೆಂಟ್. ಅವರ ಮನೆ ಕುಕ್ಕರ್ ಎಷ್ಟು ಸಲ ಕೂಗಿತು ಅಂತ ನಮಗೆ ಗೊತ್ತಾಗುತ್ತದೆ. ಸೂರ್ಯ ಹುಟ್ಟಿದ್ದು ಗೊತ್ತಾಗುವುದಿಲ್ಲ.

ಕಳೆದ ವರ್ಷ ನಮ್ಮಲ್ಲಿ ಹಿರಿಯರಿಗೆಂದು ಆರೋಗ್ಯ ಶಿಬಿರ ನಡೆಯಿತು. ಬೇಸ್‌ಮೆಂಟಿನ ಪಾರ್ಕಿಂಗಿನಲ್ಲಿ, ಟ್ಯೂಬ್‌ಲೈಟ್ ಕೆಳಗೆ. ಬ್ಯಾನರಿನಲ್ಲಿ ದೊಡ್ಡ ಸೂರ್ಯ, ಅದರಡಿ 'ಆರೋಗ್ಯಂ ಭಾಸ್ಕರಾದಿಚ್ಛೇತ್'. ವಿಟಮಿನ್ ಡಿ ಪರೀಕ್ಷೆಗೆ ರಿಯಾಯಿತಿ. ರಕ್ತ ಕೊಟ್ಟವರೆಲ್ಲರದ್ದೂ ಕಮ್ಮಿ ಬಂತು. 20ಕ್ಕಿಂತ ಕೆಳಗಿದ್ದರೆ ಕೊರತೆಯಂತೆ. ನಮ್ಮ ಮಾವನವರದು 11. ವರ್ಷವಿಡೀ ಬಿಸಿಲು ಬೀಳುವ ಬೆಂಗಳೂರಿನಲ್ಲಿ!

"ಅಂಕಲ್, ದಿನಾ ಸ್ವಲ್ಪ ಬಿಸಿಲಿಗೆ ಹೋಗಿ" ಅಂದ ಲ್ಯಾಬಿನ ಹುಡುಗ.

"ಎಲ್ಲಿಗೆ ಬಂದಿದೆಯಪ್ಪಾ ಅದು?" ಅಂದರು ಮಾವ.

ಅವತ್ತಿನಿಂದ ನಮ್ಮ ಹಿರಿಯರೆಲ್ಲ ಬೆಳಗ್ಗೆ ಆರು ಗಂಟೆಗೆ ಸ್ವೆಟರ್, ಮಫ್ಲರ್, ಮಂಕಿ ಕ್ಯಾಪ್ ಹಾಕಿಕೊಂಡು ವಿಟಮಿನ್ ಡಿ ತರಲು ಹೊರಟರು. ಮೂಗಿನ ತುದಿ ಮಾತ್ರ ಹೊರಗೆ. ಚರ್ಮದಲ್ಲಿ ಡಿ ತಯಾರಾಗಲು ಬೇಕಾದ ಕಿರಣ ಆ ಹೊತ್ತಿನಲ್ಲಿ ನೆಲಕ್ಕೆ ಮುಟ್ಟುವುದೇ ಇಲ್ಲ ಅನ್ನಬಹುದು. ಹೊತ್ತೇರಿದ ಮೇಲೆ ಬರುತ್ತದೆ, ಆದರೆ ಕಿಟಕಿಯ ಗಾಜು ದಾಟುವುದಿಲ್ಲ. ಬಂದ ಹೊತ್ತಿನಲ್ಲಿ ಇವರೆಲ್ಲ ಗಾಜಿನ ಹಿಂದೆ ಪೇಪರ್ ಓದುತ್ತಿರುತ್ತಾರೆ.

ಅಷ್ಟರಲ್ಲಿ ವಾಟ್ಸಾಪಿನಲ್ಲಿ ಸುದ್ದಿ ಬಂತು: ಡಿ ಕಮ್ಮಿಯಾದರೆ ಮುದುಕರಿಗೆ ಸನ್ನಿ, ಅಂದರೆ ಇದ್ದಕ್ಕಿದ್ದಂತೆ ಬುದ್ಧಿ ಗಲಿಬಿಲಿಯಾಗುವ ಡೆಲಿರಿಯಂ! ಸುಳ್ಳೇನಲ್ಲ. ಬ್ರಿಟನ್ನಿನ ಯುಕೆ ಬಯೋಬ್ಯಾಂಕ್ ಅನ್ನುವ ಆರೋಗ್ಯ ಮಾಹಿತಿ ಭಂಡಾರದಿಂದ ಲಕ್ಷಾಂತರ ಜನರ ದಾಖಲೆ ತೆಗೆದು ನೋಡಿದವರಿಗೆ ಎರಡಕ್ಕೂ ನಂಟು ಕಂಡಿದೆ. ಮಾತ್ರೆ ನುಂಗಿದರೆ ಸನ್ನಿ ತಪ್ಪುತ್ತದೆ ಅನ್ನುವುದು ಮಾತ್ರ ಇನ್ನೂ ಸಾಬೀತಾಗಿಲ್ಲ. ಆ ಸಾಲು ಫಾರ್ವರ್ಡ್ ಆಗುವಾಗ ಉದುರಿಹೋಗಿತ್ತು. ಬಿ ಬ್ಲಾಕಿನ ಅಜ್ಜರೊಬ್ಬರು ವಾರಕ್ಕೊಂದು ತಗೋಬೇಕಾದ 60,000 ಯೂನಿಟ್ಟಿನ ಮಾತ್ರೆಯನ್ನು, ಒಳ್ಳೆಯದು ಜಾಸ್ತಿಯಾದರೆ ತಪ್ಪೇನು ಅಂತ, ದಿನಕ್ಕೊಂದರಂತೆ ತಿಂಗಳುಗಟ್ಟಲೆ ನುಂಗಿದರು. ರಕ್ತದಲ್ಲಿ ಕ್ಯಾಲ್ಸಿಯಂ ಏರಿತು. ಬಾಯಾರಿಕೆ, ಮಲಬದ್ಧತೆ, ಆಮೇಲೆ ಹೆಂಡತಿಯನ್ನೇ "ಯಾರಮ್ಮಾ ನೀನು?" ಅಂದರು. ಅರವತ್ತಕ್ಕೆ ಅರಳು ಮರಳು ಅಂತಿದ್ದರು ಹಿಂದಿನವರು. ಇವರದು ಅರವತ್ತು ಸಾವಿರಕ್ಕೆ.

ಈ ಮಾರ್ಚಿನಲ್ಲಿ ಮಾವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಆಪರೇಷನ್ ಚೆನ್ನಾಗಿಯೇ ಆಯಿತು. ಐಸಿಯುಗೆ ಒಯ್ಯುವ ಮುಂಚೆ ಅವರ ಕನ್ನಡಕ, ಕಿವಿಯ ಮಷೀನು, ಹಲ್ಲಿನ ಸೆಟ್ಟು ಎಲ್ಲ ಕವರಿಗೆ ಹಾಕಿ ನನ್ನ ಕೈಗೆ ಕೊಟ್ಟರು, ಸಹಿ ಹಾಕಿಸಿಕೊಂಡು. ಒಳಗೆ ಕಿಟಕಿ ಇಲ್ಲ. ರಾತ್ರಿಯಿಡೀ ದೀಪ. ಗಂಟೆಗೊಮ್ಮೆ ಎಬ್ಬಿಸಿ ಬಿಪಿ. ಮೂರನೇ ದಿನ ಬಂದವರೊಬ್ಬರು ಕೇಳಿದರು, "ಅಜ್ಜಾ, ಇವತ್ತು ಯಾವ ವಾರ?" ಕೇಳಿದ್ದು ಕೇಳಿಸಲಿಲ್ಲ, ಕೇಳಿದವರು ಕಾಣಿಸಲಿಲ್ಲ. ಮಾವ ಪೈಪು ಕೀಳಲು ಹೋದರು. ಕೈ ಕಟ್ಟಿದರು.

"ವಯಸ್ಸಾಯ್ತಲ್ಲ, ಬಿಡಿ" ಅಂದರು ನೋಡಲು ಬಂದ ನೆಂಟರು. ಅರಳು ಮರಳು ವರ್ಷಗಟ್ಟಲೆ ತಗೊಂಡು ಬರುವಂಥದ್ದು. ಇದು ಸನ್ನಿ, ಒಂದೆರಡು ದಿನದಲ್ಲಿ ಬಂದದ್ದು. ಸೋಂಕು, ಇಳಿದ ಸೋಡಿಯಂ, ನಿದ್ರೆಗೆಟ್ಟ ರಾತ್ರಿ, ನಿದ್ರೆ ಮಾತ್ರೆ, ಏನು ಬೇಕಾದರೂ ತರಬಹುದು. ಕಾರಣ ಹುಡುಕಿ ಸರಿಮಾಡಿದರೆ ಎಷ್ಟೋ ಸಲ ಇಳಿಯುತ್ತದೆ. ಒಬ್ಬ ನೆಂಟರಂತೂ ಗಂಭೀರವಾಗಿ ಕೇಳಿದರು, "ಡಿ ಚೆಕ್ ಮಾಡಿಸಿದ್ರಾ?"

ಕಾಡಿ ಬೇಡಿ ಕನ್ನಡಕ ಹಾಕಿಸಿ, ಮಷೀನು ಕಿವಿಗಿಟ್ಟೆ. ಮಾವ ಸುತ್ತ ನೋಡಿ, "ಈಗ ಹಗಲೋ ರಾತ್ರಿಯೋ?" ಅಂದರು. ನನಗೂ ಗೊತ್ತಿರಲಿಲ್ಲ. ನರ್ಸಮ್ಮನನ್ನು ಕೇಳಿದೆ. ಅವರು ಮೊಬೈಲ್ ತೆಗೆದು ನೋಡಿದರು.

ವಾರಕ್ಕೆ ವಾರ್ಡು, ಆಮೇಲೆ ಮನೆ. ಡಿಸ್ಚಾರ್ಜ್ ಚೀಟಿಯಲ್ಲಿ ಕೊನೆಗೆ ಬರೆದಿತ್ತು: ದಿನಾ ಬಿಸಿಲಿಗೆ ಕೂರಿಸಿ. ದುಬೈಗೆ ಫೋನು ಮಾಡಿದೆ.

"ತಾರಸಿ ಕೀ ಬೇಕಿತ್ತು ಸಾರ್, ಮಾವನವರಿಗೆ ಬಿಸಿಲು."

"ಅದಕ್ಕೆ ಜನರಲ್ ಬಾಡಿಯಲ್ಲಿ ಪಾಸ್ ಆಗ್ಬೇಕಮ್ಮಾ. ಅಲ್ಲೀತನಕ ಬೇಸ್‌ಮೆಂಟಲ್ಲಿ ಕೂರಿಸಿ. ಹೊಸ ಎಲ್‌ಇಡಿ ಹಾಕಿಸಿದ್ದೀವಿ, ಒಳ್ಳೆ ಬೆಳಕಿದೆ."